ತಡೆಪೊರೆಯ ಹದಿನೆಂಟು ವರ್ಷ

ಹದಿನೆಂಟು ವರ್ಷಗಳ ವರದಿಯನ್ನು ಮುಗಿಸುವ ಆತುರದಲ್ಲಿದ್ದ ಮುಬೀನಾ ನದಾಫ್ ಎಂಬತ್ತೆಂಟನೆಯ ಕಾರ್ಡಿಗೆ ಬಂದು ನಿಂತಳು. ಅಲ್ಲಿಂದ ಮುಂದಕ್ಕೆ ಹೋಗಲು ಮನಸ್ಸು ಒಪ್ಪಲಿಲ್ಲ.

ಅದು 2052ರ ಫೆಬ್ರುವರಿ. ಹುಬ್ಬಳ್ಳಿಯ ಹೊರವಲಯದ ಆ ಸಂಶೋಧನಾ ಕೇಂದ್ರದಲ್ಲಿ ಮುಬೀನಾಳದು ಅಂಕಿಅಂಶಗಳ ಕೆಲಸ. ಮುಟ್ಟಿನ ದಿನಗಳಲ್ಲಿ ವಿಪರೀತ ರಕ್ತ ಹೋಗಿ ನಿತ್ರಾಣರಾಗುತ್ತಿದ್ದ ಮುನ್ನೂರ ಹನ್ನೆರಡು ಹೆಂಗಸರಿಗೆ 2034ರಲ್ಲಿ ಇದೇ ಕೇಂದ್ರ ಮೊಟ್ಟಮೊದಲು ತಡೆಪೊರೆ ಹಾಕಿತ್ತು. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಆಯಾ ಹೆಂಗಸಿನ ಜೀವಕೋಶಗಳಿಂದಲೇ ಬೆಳೆಸಿದ, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಪೊರೆಯನ್ನು ಸುರುಳಿ ಸುತ್ತಿ ಸಣ್ಣ ನಳಿಕೆಯ ಮೂಲಕ ಗರ್ಭಕೋಶದೊಳಕ್ಕೆ ಬಿಟ್ಟರೆ, ಅದು ಅಲ್ಲಿ ಬಿಚ್ಚಿಕೊಂಡು ಒಳಗೋಡೆಗೆ ಅಂಟಿಕೊಳ್ಳುತ್ತಿತ್ತು. ಎಲ್ಲಿ ರಕ್ತ ಜಿನುಗಿದರೂ ಪೊರೆಯ ಕೋಶಗಳು ಒಂದು ರಸ ಸ್ರವಿಸಿ ಅಲ್ಲಿನ ಸಣ್ಣ ನಾಳಗಳ ಬಾಯಿ ಮುಚ್ಚುತ್ತಿದ್ದವು. ಹತ್ತು ನಿಮಿಷದ ಕೆಲಸ. ಪೊರೆ ಇದ್ದಲ್ಲಿ ಬಸಿರು ನಿಲ್ಲದಾದ್ದರಿಂದ ಮಕ್ಕಳು ಸಾಕು ಎಂದವರಿಗೆ ಮಾತ್ರ ಹಾಕುತ್ತಿದ್ದರು. ಒಂದು ವರ್ಷ ಕಳೆಯುವುದರೊಳಗೆ ಪೊರೆ ಗರ್ಭಕೋಶದ ಭಾಗವೇ ಆಗಿಬಿಡುತ್ತಿತ್ತು.

ಎರಡು ವರ್ಷಕ್ಕೊಮ್ಮೆ ಕೇಂದ್ರದವರು ಅವರಿಗೆಲ್ಲ ಫೋನ್ ಮಾಡಿ, ರಕ್ತಸ್ರಾವ ಇದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಯಶಸ್ಸು ಎಂದು ಬರೆದುಕೊಳ್ಳುತ್ತಿದ್ದರು. ಹದಿನೆಂಟು ವರ್ಷವೂ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದೇ ಹೇಳಿದ್ದರು. ಅರವತ್ತೊಂದು ಮಂದಿಯ ಸಂಪರ್ಕ ತಪ್ಪಿತ್ತು. ಹನ್ನೊಂದು ಮಂದಿ ತೀರಿಕೊಂಡಿದ್ದರು.

ಎಂಬತ್ತೆಂಟನೆಯ ಕಾರ್ಡು ಆ ಹನ್ನೊಂದು ಮಂದಿಯಲ್ಲಿ ಒಬ್ಬಳದು. ಮುಂಡರಗಿಯ ಗಿರಿಜವ್ವ. ಸಾವಿನ ಕಾರಣ: ಗರ್ಭಕೋಶದ ಕ್ಯಾನ್ಸರ್, ಕೊನೆಯ ಹಂತ. ಪಕ್ಕದಲ್ಲಿ, 'ಚಿಕಿತ್ಸೆಗೆ ಸಂಬಂಧವಿಲ್ಲದ ಸಾವು'. ಸಾಯುವ ಐದು ತಿಂಗಳ ಮುಂಚೆ ಅವಳಿಗೆ ಮಾಡಿದ ಕೊನೆಯ ಫೋನಿನ ಟಿಪ್ಪಣಿಯೂ ಅಲ್ಲೇ ಇತ್ತು: 'ರಕ್ತಸ್ರಾವ ಇಲ್ಲ. ಯಶಸ್ಸು.'

ಮುಬೀನಾ ವೈದ್ಯೆಯಲ್ಲ. ಆದರೂ ಇಷ್ಟು ಗೊತ್ತಿತ್ತು: ಈ ರೋಗ ಬಹಳ ಮಟ್ಟಿಗೆ ತಾನೇ ಸುಳಿವು ಕೊಡುತ್ತದೆ. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಒಂದು ದಿನ ಬಟ್ಟೆಗೆ ಒಂದಿಷ್ಟು ರಕ್ತ ತಾಕುತ್ತದೆ. ಹೆಂಗಸು ಗಾಬರಿಯಾಗಿ ಆಸ್ಪತ್ರೆಗೆ ಹೋಗುತ್ತಾಳೆ, ಉಳಿದುಕೊಳ್ಳುತ್ತಾಳೆ. ಗಿರಿಜವ್ವನ ಒಡಲಲ್ಲೂ ಆ ರಕ್ತ ಜಿನುಗಿರಬೇಕು. ಜಿನುಗಿದಾಗಲೆಲ್ಲ ಪೊರೆ ಅದನ್ನು ತಡೆದಿರಬೇಕು. ಮುಟ್ಟಿನ ರಕ್ತ ಯಾವುದು, ರೋಗದ ರಕ್ತ ಯಾವುದು ಎಂಬುದು ಪೊರೆಗೆ ಹೇಗೆ ಗೊತ್ತಾಗಬೇಕು?

ಕಾರ್ಡು ಹಿಡಿದುಕೊಂಡು ಅವಳು ಡಾ. ಪ್ರಮೋದಿನಿ ದೀಕ್ಷಿತರ ಕೋಣೆಗೆ ಹೋದಳು. ತಡೆಪೊರೆಯನ್ನು ರೂಪಿಸಿದವರು ಅವರು. ಎಪ್ಪತ್ತೊಂದಾದರೂ ದಿನಾ ಬಂದು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ಕಾರ್ಡನ್ನು ಓದಿ ಮೇಜಿನ ಮೇಲಿಟ್ಟರು.

"ಒಂದು ಕೇಸಿನ ಮ್ಯಾಲೆ ಏನ್ ಹೇಳ್ಲಿಕ್ಕೆ ಬರ್ತದ ಮುಬೀನಾ? ಮುನ್ನೂರು ಮಂದ್ಯಾಗ ಒಬ್ಬಿಬ್ಬರಿಗೆ ಈ ರೋಗ ಬರೂದಽ ಅದ. ಪೊರಿ ಹಾಕಿದ್ರೂ ಬರ್ತದ, ಹಾಕದಿದ್ರೂ ಬರ್ತದ."

"ಬರೂದು ಖರೆ ಮೇಡಂ. ಬಂದದ್ದು ಗೊತ್ತಾಗೂದು ಹೆಂಗ? ನಾವು ಕೇಳೂದು ಒಂದೇ ಪ್ರಶ್ನೆ. ಆಕಿ ಅದಕ್ಕ ಖರೆ ಉತ್ತರಾನೇ ಕೊಟ್ಟಾಳ."

ಪ್ರಮೋದಿನಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಮುಬೀನಾ ಹೊರಗೆ ಬಂದಳು. ಇಷ್ಟು ವರ್ಷದ ಅವರ ದುಡಿಮೆಯ ಮೇಲೆ ತಾನು ಕಲ್ಲು ಹಾಕಿದೆನೇನೋ ಎಂದು ಅವಳಿಗೆ ಕಸಿವಿಸಿಯಾಯಿತು.

ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಪ್ರಮೋದಿನಿಯವರೇ ಅವಳ ಮೇಜಿನ ಬಳಿ ಕೂತಿದ್ದರು. ಮುಂದೆ ಹಳೆಯ ಪ್ರಯೋಗದ ನೋಟ್‌ಬುಕ್ ತೆರೆದಿತ್ತು.

"ಮೊದಲನೇ ವರ್ಷ ನಾವೊಂದು ಕಾಗದದ ಪಟ್ಟಿ ಉಪಯೋಗಿಸ್ತಿದ್ವಿ. ನಿನಗ ಗೊತ್ತಿರಲಿಕ್ಕಿಲ್ಲ, ನೀ ಆಗ ಸಾಲ್ಯಾಗಿದ್ದಿ," ಎಂದರು. "ಪೊರಿ ಕೆಲಸ ಮಾಡುವಾಗ ಅದರಿಂದ ಇನ್ನೊಂದು ವಸ್ತು ಹೊರಬೀಳೂ ಹಂಗ ಮಾಡಿದ್ದೆ. ಮೈಗೆ ಅದರಿಂದ ಏನೂ ಆಗೂದಿಲ್ಲ, ಮೂತ್ರದಾಗ ಹೋಗಿಬಿಡ್ತದ. ಅದು ಇದ್ರ ಪಟ್ಟಿ ನೀಲಿ ಆಗ್ತದ. ಎಲ್ಲಾರದೂ ನೀಲಿ ಬಂತು. ಪೊರಿ ಕೆಲಸ ಮಾಡ್ಲಿಕತ್ತದ ಅಂತ ಖಾತ್ರಿ ಆತು. ಮುಂದ ಪಟ್ಟಿ ಬ್ಯಾಡ ಅಂತ ನಿಲ್ಲಿಸಿದೆ."

"ಈಗ್ಲೂ ಆ ವಸ್ತು ಬರ್ತದೇನ್ರಿ?"

"ಪೊರಿ ಕೆಲಸ ಮಾಡಿದ್ರ ಬರ್ತದ. ಆದ್ರ ವಿಚಾರ ಮಾಡು. ಈಗ ಅವರೆಲ್ಲಾರಿಗೂ ಐವತ್ತೈದು ದಾಟ್ಯದ. ಮುಟ್ಟು ನಿಂತು ಎಷ್ಟೋ ವರ್ಷ ಆತು. ಪೊರಿಗೆ ಈಗ ಕೆಲಸ ಇರಬಾರದು. ಪಟ್ಟಿ ಬೆಳ್ಳಗ ಉಳೀಬೇಕು."

"ನೀಲಿ ಬಂದ್ರ?"

"ಅಂದ್ರ ಒಳಗ ಎಲ್ಲೋ ರಕ್ತ ಅದ. ಪೊರಿ ಅದನ್ನ ಮುಚ್ಚಲಿಕತ್ತದ." ಪ್ರಮೋದಿನಿ ನೋಟ್‌ಬುಕ್ಕನ್ನು ಅವಳ ಕಡೆ ಸರಿಸಿದರು. "ನಿಲ್ಲಿಸಿದಾಕಿ ನಾನು. ಮತ್ತ ನಾನೇ ಮಾಡಿಕೊಡ್ತೀನಿ."

ಮೂರು ವಾರದಲ್ಲಿ ಪಟ್ಟಿಗಳು ತಯಾರಾದವು. ದೂರದ ಊರುಗಳಿಗೆ ಅಲ್ಲಲ್ಲಿನ ಆಶಾ ಕಾರ್ಯಕರ್ತೆಯರ ಮೂಲಕ ಕಳಿಸಿದರು. ಹತ್ತಿರದವರ ಮನೆಗಳಿಗೆ ಮುಬೀನಾ ತಾನೇ ಹೊರಟಳು.

ಗದಗ-ಬೆಟಗೇರಿಯ ನೀಲಗಂಗವ್ವ ಹಡಪದ ಅವಳು ಕಂಡ ಹದಿನಾಲ್ಕನೆಯವಳು. ಐವತ್ತೇಳು ವರ್ಷ, ಎತ್ತರದ ಆಳು, ದೊಡ್ಡ ದನಿ. ಬಸ್ಸಿನಲ್ಲಿ ಟಿಕೆಟ್ ಕೊಡಲು ಮನುಷ್ಯರು ಬೇಡವಾಗಿ ಹತ್ತು ವರ್ಷವಾಗಿತ್ತು. ಅಲ್ಲಿಯವರೆಗೆ ಕಂಡಕ್ಟರಾಗಿದ್ದ ನೀಲಗಂಗವ್ವ ಈಗ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುತ್ತಿದ್ದಳು. ಹತ್ತಿರದ ಓಣಿಯಲ್ಲೇ ಇದ್ದ ಮಗಳು ಅನ್ನಪೂರ್ಣಾ ಅವತ್ತು ತವರಿಗೆ ಬಂದಿದ್ದಳು. ಎರಡು ಮಕ್ಕಳ ತಾಯಿ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾರ, ಪೊರಿ ಹಾಕೋಕ್ಕಿಂತ ಮದ್ಲ ಹೆಂಗಿತ್ತು?" ಎಂದು ಮುಬೀನಾ ಕೇಳಿದಳು. ವರದಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅವಳಿಗೇ ಕೇಳಬೇಕೆನಿಸಿತ್ತು.

"ಅದನ್ನೇನ್ ಕೇಳ್ತೀರಿ ಮೇಡಮ್ಮಾರ! ಗದಗ-ಕುಷ್ಟಗಿ ಗಾಡಿ ನಂದು. ಗಜೇಂದ್ರಗಡ ದಾಟೂದ್ರಾಗ ಮೂರು ಅರಿವಿ ತೊಯ್ತಿದ್ವು. ಗಾಡಿ ನಿಲ್ಲಸು ಅಂತ ಡ್ರೈವರಗ ಹೆಂಗ ಹೇಳೂದು? ಅರವತ್ತು ಮಂದಿ ಕುಂತಿರ್ತಾರ. ಖಾಕಿ ಸೀರಿ ಮ್ಯಾಲೆ ಕಂಡೀತು ಅಂತ ಟಿಕೆಟ್ ಚೀಲ ಹಿಂದಕ್ಕ ಹಾಕ್ಕೊಂಡು ನಿಲ್ತಿದ್ದೆ. ಸೀಟಿನ ಮ್ಯಾಲಿಂದ ಎದ್ದರ ಸಾಕು, ಹೊಳ್ಳಿ ಸೀಟು ನೋಡೂದು. ಒಮ್ಮೆ ಕುಷ್ಟಗಿ ಸ್ಟ್ಯಾಂಡಿನ್ಯಾಗ ಕಣ್ಣು ಕತ್ತಲಿ ಬಂದು ಬಿದ್ದೆ. ದವಾಖಾನ್ಯಾಗ, ನಿನ್ನ ಮೈಯಾಗ ಅರ್ಧಾ ರಕ್ತಾನೂ ಇಲ್ಲಲ್ಲವಾ, ಹೆಂಗ ನಿಂತೀದಿ ಅಂದ್ರು."

"ಪೊರಿ ಹಾಕಿದ ಮ್ಯಾಲೆ?"

"ಮೂರು ದಿನಕ್ಕ ಡ್ಯೂಟಿಗೆ ಹೋದೆ. ಆರು ತಿಂಗಳಕ್ಕ ಮೆಟ್ಲ ಹತ್ತಿದ್ರ ತೇಕು ಬರೂದು ನಿಂತು. ಹದಿನೆಂಟು ವರ್ಷ ಆತು, ಎದ್ದಾಗ ಹೊಳ್ಳಿ ನೋಡಿಲ್ಲ ನಾ. ಈಗ ಇಕಿಗೂ ಹಾಕಸ್ತೀನಿ. ಬರೂ ತಿಂಗಳ ತಾರೀಖು ಕೊಟ್ಟಾರ. ಇಕಿದೂ ನನ್ನ ಹಣೇಬರನ."

ಅನ್ನಪೂರ್ಣಾ ತಲೆ ತಗ್ಗಿಸಿ ನಕ್ಕಳು. ಆಮೇಲೆ, "ಅವ್ವಾ, ಸೊಂಟದ್ದು ಹೇಳು," ಎಂದಳು.

"ಅದು ಕುಂತು ಕುಂತು ಬಂದಿದ್ದು. ಕಿಬ್ಬೊಟ್ಟಿ ಒಂಚೂರು ಭಾರ ಅನಸ್ತೈತಿ ಅಷ್ಟ."

ಮುಬೀನಾ ಪಟ್ಟಿಯನ್ನು ಕೊಟ್ಟು ವಿಧಾನ ಹೇಳಿದಳು. ಐದು ನಿಮಿಷದ ಮೇಲೆ ನೀಲಗಂಗವ್ವ ಪಟ್ಟಿಯನ್ನು ಹಳೆಯ ಬಟ್ಟಲಿನಲ್ಲಿಟ್ಟುಕೊಂಡು ಬಂದಳು. ಹಿಂದಿನ ಹದಿಮೂರು ಮನೆಗಳಲ್ಲಿ ಬಿಳಿಯಾಗಿಯೇ ಉಳಿದಿದ್ದ ಪಟ್ಟಿ ಇಲ್ಲಿ ಅಂಚಿನಿಂದ ಅಂಚಿಗೆ ನೀಲಿಯಾಗಿತ್ತು.

"ಬಣ್ಣ ಬಂದೈತಿ. ಛಲೋನೋ, ಕೆಟ್ಟೋ?" ಎಂದಳು ನೀಲಗಂಗವ್ವ.

ಸುಳ್ಳು ಹೇಳುವುದು ಮುಬೀನಾಳಿಂದ ಆಗಲಿಲ್ಲ. ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಿಧಾನವಾಗಿ ವಿವರಿಸಿದಳು. ಒಳಗೆ ಸಣ್ಣ ಗಂಟು ಇರಬಹುದು, ಬರೀ ಹುಣ್ಣಿರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. ನೋಡದೆ ಗೊತ್ತಾಗುವುದಿಲ್ಲ. ನೋಡಬೇಕಾದರೆ ಒಂದು ದ್ರಾವಣ ಬಿಟ್ಟು ಮೊದಲು ಪೊರೆಯನ್ನು ಕರಗಿಸಬೇಕು.

ನೀಲಗಂಗವ್ವ ಎದ್ದು ನಿಂತಳು. "ಪೊರಿ ತಗೀತೀರಿ?"

"ಹೂಂ ಅಕ್ಕಾರ. ಆದ್ರ ಮುಟ್ಟು ಹೊಳ್ಳಿ ಬರೂದಿಲ್ಲ. ನಿಮಗ ಆ ವಯಸ್ಸು ದಾಟೇತಿ..."

"ಅದೆಲ್ಲಾ ನಂಗ ತಿಳೀತೈತ್ರಿ. ಪೊರಿ ತಗಿಯೂದಾದ್ರ ನಾ ಬರಾಂಗಿಲ್ಲ." ಅವಳು ಬಟ್ಟಲನ್ನು ಬದಿಗೆ ಸರಿಸಿದಳು. "ಆ ದಿನ ಮತ್ತ ನೋಡೂಕಿಂತ ಸತ್ತರ ಅಡ್ಡಿಯಿಲ್ಲ. ನೀವು ಚಾ ಕುಡದು ಹೋಗ್ರಿ."

ಮುಬೀನಾ ಚಹಾ ಕುಡಿದಳು. ಬಾಗಿಲವರೆಗೆ ಬಂದ ಅನ್ನಪೂರ್ಣಾ ಅವಳ ಫೋನ್ ನಂಬರು ಬರೆದುಕೊಂಡಳು.

ನಾಲ್ಕು ದಿನದ ಮೇಲೆ ಮುಬೀನಾ ಮತ್ತೆ ಬಂದಳು. ಜೊತೆಯಲ್ಲಿ ಪ್ರಮೋದಿನಿ ದೀಕ್ಷಿತರೂ ಇದ್ದರು. ಹದಿನೆಂಟು ವರ್ಷದ ಹಿಂದೆ ತನ್ನ ತಲೆ ಸವರಿ ಧೈರ್ಯ ಹೇಳಿದ ಡಾಕ್ಟರನ್ನು ನೀಲಗಂಗವ್ವ ಗುರುತು ಹಿಡಿದು ಓಡಿ ಬಂದು ಕೈ ಹಿಡಿದಳು. ಪ್ರಮೋದಿನಿ ಕೂರಲಿಲ್ಲ.

"ನೀಲಗಂಗಾ, ನಾ ತಪ್ಪು ಒಪ್ಪಿಕೊಳ್ಳಲಿಕ್ಕೆ ಬಂದೀನಿ," ಎಂದರು. "ರಕ್ತ ನಿಂತಿತು, ನಿಂತಿತು ಅಂತ ಹಿಗ್ಗಿದೆ. ಮುಂದ ವಯಸ್ಸಾದ ಮ್ಯಾಲೆ ಆ ರಕ್ತಾನೇ ಒಂದು ಸುಳಿವು ಆಗಬಹುದು, ಅದನ್ನೂ ನಿಲ್ಲಿಸ್ತೀನಿ ಅನ್ನೂದು ನನಗ ಹೊಳೀಲಿಲ್ಲ. ಹೊಳೀಬೇಕಾಗಿತ್ತು. ಒಬ್ಬಾಕಿ ಇದರಾಗ ಹೋದಳು. ನೀನೂ ಹೋಗಬಾರದು."

ನೀಲಗಂಗವ್ವ ಕುರ್ಚಿ ಎಳೆದು ಅವರ ಮುಂದಿಟ್ಟಳು.

"ಡಾಕ್ಟ್ರ, ನಿಮ್ಮ ಮ್ಯಾಲೆ ನಂಗೇನ್ ಸಿಟ್ಟಿಲ್ಲ. ನಾಕು ಮಂದ್ಯಾಗ ನೆಟ್ಟಗ ನಿಲ್ಲೂ ಹಂಗ ಮಾಡೀರಿ ನನ್ನ. ನಂಗ ಅಂಜಿಕಿ ಅಷ್ಟ. ಯಾರರ ನಕ್ಕಾರು ಅಂತ ಯಾರ ಮುಂದೂ ಹೇಳಿಲ್ಲ, ಈ ವಯಸ್ಸಿನ್ಯಾಗೂ ಕನಸಿನ್ಯಾಗ ಆ ಬಸ್ಸು ಬರ್ತೈತ್ರಿ."

"ಯಾರೂ ನಗೂದಿಲ್ಲ," ಎಂದರು ಪ್ರಮೋದಿನಿ.

ಅನ್ನಪೂರ್ಣಾ ತಾಯಿಯ ಪಕ್ಕಕ್ಕೆ ಬಂದು ನಿಂತಳು. "ನಾ ರಜಾ ಹಾಕ್ತೀನಿ ಅವ್ವಾ. ಒಂದು ಗಳಿಗೀನೂ ಬಿಟ್ಟು ಹೋಗಾಂಗಿಲ್ಲ."

ಎರಡು ಷರತ್ತಿನ ಮೇಲೆ ನೀಲಗಂಗವ್ವ ಒಪ್ಪಿದಳು. ಮಗಳು ಜೊತೆಗಿರಬೇಕು. ಏನು ಮಾಡುವುದಿದ್ದರೂ ಮಾಡುವ ಮುಂಚೆ ತನಗೆ ಹೇಳಬೇಕು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದ್ರಾವಣ ಬಿಟ್ಟ ಎರಡನೆಯ ದಿನ ಮಧ್ಯಾಹ್ನ ಪೊರೆ ಪೂರ್ತಿ ಕರಗಿತು. ಬಚ್ಚಲಿಗೆ ಹೋಗಿದ್ದ ನೀಲಗಂಗವ್ವ ಒಳಗಿನಿಂದ ಮಗಳನ್ನು ಕೂಗಿದಳು. ಅನ್ನಪೂರ್ಣಾ ಓಡಿದಳು. ತಾಯಿಯ ಕೈಯಲ್ಲಿ ಬಿಳಿ ಬಟ್ಟೆಯ ಮಡಿಕೆ, ಅದರ ಮೇಲೆ ಮೆಂತ್ಯದ ಎಲೆಯಷ್ಟು ಅಗಲದ ಕಲೆ.

"ಇಷ್ಟ ಐತಲ್ಲ," ಎಂದಳು ನೀಲಗಂಗವ್ವ. ಅವಳಿಗೆ ನಂಬಿಕೆಯೇ ಬಂದಿರಲಿಲ್ಲ. "ಹೊಳಿ ಬಂದಂಗ ಬರ್ತೈತಿ ಅಂತ ಮಾಡಿದ್ದೆ. ಇಷ್ಟ ಐತಿ."

ಆಮೇಲೆ ಗೋಡೆಗೆ ಒರಗಿ ಅತ್ತಳು. ಅನ್ನಪೂರ್ಣಾ ಅವಳ ಬೆನ್ನು ಸವರುತ್ತ ನಿಂತಳು.

ಒಳಗಿನಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಮೊದಲನೆಯ ಹಂತ, ಗೋಡೆಯನ್ನು ದಾಟಿರಲಿಲ್ಲ. ಹದಿನೈದು ದಿನದ ಮೇಲೆ ಗರ್ಭಕೋಶ ತೆಗೆದರು. ಬೇರೆ ಔಷಧ ಬೇಕಾಗುವುದಿಲ್ಲ, ವರ್ಷಕ್ಕೆರಡು ಸಲ ಬಂದು ತೋರಿಸಿಕೊಂಡರೆ ಸಾಕು ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಹೇಳಿದರು.

ಅಷ್ಟರಲ್ಲಿ ಇನ್ನೂರ ನಲವತ್ತು ಪಟ್ಟಿಗಳೂ ಕೇಂದ್ರಕ್ಕೆ ಬಂದಿದ್ದವು. ಒಂಬತ್ತು ನೀಲಿಯಾಗಿದ್ದವು. ಏಳು ಮಂದಿಯದು ನಿರುಪದ್ರವಿ ಗಂಟು, ಸವೆತ. ಇಬ್ಬರದು ಕ್ಯಾನ್ಸರ್, ನೀಲಗಂಗವ್ವ ಮತ್ತು ನರಗುಂದದ ಒಬ್ಬ ದರ್ಜಿ ಹೆಂಗಸು. ಇಬ್ಬರದೂ ಗುಣವಾಗುವಂಥದ್ದು. ವರದಿಯಲ್ಲಿ ಎಂಬತ್ತೆಂಟನೆಯ ಕಾರ್ಡಿನ ಸಾಲನ್ನು ಪ್ರಮೋದಿನಿ ತಾವೇ ಹೊಡೆದುಹಾಕಿ, 'ಚಿಕಿತ್ಸೆಯಿಂದಾಗಿ ತಡವಾಗಿ ಪತ್ತೆಯಾದ ರೋಗ' ಎಂದು ಬರೆದರು. ಆ ವಾರವೇ ಒಬ್ಬರೇ ಮುಂಡರಗಿಗೆ ಹೋಗಿ ಗಿರಿಜವ್ವನ ಗಂಡನನ್ನು ಕಂಡು ಬಂದರು. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ.

ಅನ್ನಪೂರ್ಣಾಳ ತಾರೀಖು ಮುಂದಕ್ಕೆ ಹೋಗಿತ್ತು. ಒಂದು ಬೆಳಿಗ್ಗೆ ಅವಳು ಕೇಂದ್ರಕ್ಕೆ ಬಂದು ಪ್ರಮೋದಿನಿ, ಮುಬೀನಾ ಇಬ್ಬರ ಮುಂದೆಯೂ ಕೂತಳು. ಹಿಂದಿನ ದಿನ ಪಾಠ ಮಾಡುವಾಗ ತಲೆ ತಿರುಗಿ ಬೋರ್ಡು ಹಿಡಿದುಕೊಂಡಿದ್ದಳಂತೆ.

"ಪೊರಿ ಹಾಕಿಸ್ಕೋತೀನ್ರಿ ಮೇಡಂ. ಹಿಂಗ ಇನ್ನ ಇಪ್ಪತ್ತು ವರ್ಷ ನನಗ ಆಗಾಂಗಿಲ್ಲ. ಆದ್ರ ನನಗ ಐವತ್ತೈದು ಆದಾಗ ನೀಲಿ ಬಂತೋ ಬಿಳಿ ಬಂತೋ ಯಾರು ನೋಡ್ತಾರ? ನೀವಿರ್ತೀರಿ?"

"ನಾ ಇರೂದಿಲ್ಲವಾ," ಎಂದರು ಪ್ರಮೋದಿನಿ.

"ನಾ ಆಗ ಎಲ್ಲಿರ್ತೀನೋ ಏನೋ," ಎಂದಳು ಮುಬೀನಾ. "ಈ ಕೇಂದ್ರ ಇರ್ತದೋ ಇಲ್ಲೋ ಅದೂ ಹೇಳಾಕ ಬರೂದಿಲ್ಲ."

"ಹಂಗಾದ್ರ ಪಟ್ಟಿ ನನ್ನ ಕೈಯಾಗ ಕೊಡ್ರಿ. ಹೆಂಗ ನೋಡೂದು, ಯಾವಾಗ ನೋಡೂದು, ನೀಲಿ ಬಂದ್ರ ಎಲ್ಲಿ ಹೋಗೂದು ಎಲ್ಲಾ ಕನ್ನಡದಾಗ ಬರದು ಕೊಡ್ರಿ. ನಿಮ್ಮ ಫೋನಿನ ಹಾದಿ ಕಾಯಾಕ ಆಗಾಂಗಿಲ್ಲ."

ಅದು ಅವರಿಬ್ಬರಿಗೂ ಹೊಳೆದಿರಲಿಲ್ಲ. ಕೆಡದೆ ಉಳಿಯುವಂತೆ ಪಟ್ಟಿಯನ್ನು ತಿದ್ದಲು ಎರಡು ತಿಂಗಳು ಹಿಡಿಯಿತು. ಔಷಧದ ಅಂಗಡಿಗಳಲ್ಲಿ ಸಿಗುವಂತೆ ಮಾಡಲು ಇನ್ನೂ ಎಂಟು ತಿಂಗಳು ಬೇಕಾಯಿತು. ಮೊದಲ ಡಬ್ಬಿ, ಅಷ್ಟರಲ್ಲಿ ಪೊರೆ ಹಾಕಿಸಿಕೊಂಡಿದ್ದ ಅನ್ನಪೂರ್ಣಾಳ ಮನೆಗೆ ಹೋಯಿತು. ಒಳಗಿದ್ದ ಚೀಟಿಯನ್ನು ತಿದ್ದಿ ಬರೆದವಳೂ ಅವಳೇ.

ಪಟ್ಟಿಯನ್ನು ತಿದ್ದುತ್ತಿದ್ದ ಆ ದಿನಗಳಲ್ಲೇ ಸಂಪರ್ಕ ತಪ್ಪಿದ ಅರವತ್ತೊಂದು ಮಂದಿಯ ಹುಡುಕಾಟವೂ ನಡೆದಿತ್ತು. ಮುಬೀನಾ ಹಳೆಯ ನಂಬರುಗಳಿಗೆಲ್ಲ ಫೋನ್ ಮಾಡಿ ಸೋತಿದ್ದಳು. ಚೇತರಿಸಿಕೊಂಡು ತೋರಿಸಿಕೊಳ್ಳಲು ಬಂದಿದ್ದ ನೀಲಗಂಗವ್ವ, "ಏನದು ಯಾದಿ?" ಎಂದು ಇಸಿದುಕೊಂಡು ಊರುಗಳ ಹೆಸರು ಓದತೊಡಗಿದಳು.

"ಸಂಪರ್ಕ ತಪ್ಪಿದವರು ಅಂತ ಬರದೀರಲ್ಲ. ಯಾಕ ತಪ್ತಾರ? ಅವರವರ ಮನ್ಯಾಗ ಅದಾರ ಅವ್ರು. ರಾಜೂರು, ಸೂಡಿ, ನಿಡಗುಂದಿ... ಇವೆಲ್ಲಾ ನನ್ನ ಹಾದಿ. ನಡೀರಿ, ನಾ ತೋರಸ್ತೀನಿ."

ಮಳೆಗಾಲ ಮುಗಿಯುವುದರೊಳಗೆ ಇಬ್ಬರೂ ನಲವತ್ತಾರು ಮಂದಿಯನ್ನು ಹುಡುಕಿದರು. ಕೆಲವರು ಮಗಳ ಊರಿಗೆ ಹೋಗಿದ್ದರು, ಕೆಲವರ ಫೋನು ಬದಲಾಗಿತ್ತು. ನಲವತ್ತೇಳನೆಯವಳು ಹನುಮಸಾಗರದ ರುಕ್ಮವ್ವ. ಮುಬೀನಾ ಕೇಂದ್ರದ ಹೆಸರು ಹೇಳಿದ್ದೇ ತಡ ಅವಳು, "ಅಂಥಾಕಿ ಇಲ್ಲಿಲ್ರಿ," ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ನೀಲಗಂಗವ್ವ ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ, "ಯಕ್ಕಾ, ನಂಗೂ ಹಾಕಿದ್ರು. ನೀರು ಕೊಡ್ತಿಯೇನ? ಕುಡದು ಹೋಗ್ತೀವಿ," ಎಂದಳು.

ಸ್ವಲ್ಪ ಹೊತ್ತಿಗೆ ರುಕ್ಮವ್ವ ಚೊಂಬು ಹಿಡಿದು ಹಿತ್ತಲ ಕಡೆಯಿಂದ ಬಂದಳು. ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ದನಿ ತಗ್ಗಿಸಿ ಹೇಳಿದಳು. ಅತ್ತೆಗೂ ಗಂಡನಿಗೂ ಇನ್ನೊಂದು ಗಂಡುಮಗು ಬೇಕಾಗಿತ್ತು. ಇವಳಿಗೆ ತಿಂಗಳಿಗೆ ಹನ್ನೆರಡು ದಿನ ರಕ್ತ ಹೋಗಿ ನಿಲ್ಲಲೂ ಆಗುತ್ತಿರಲಿಲ್ಲ. ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡಿದ್ದಳು. ಆಮೇಲೆ ಕೇಂದ್ರದ ಫೋನು ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ನಂಬರನ್ನೇ ಬದಲಾಯಿಸಿದಳು.

"ಈಗ ಅತ್ತಿ ಇಲ್ಲ, ಯಜಮಾನ್ರೂ ಇಲ್ಲ. ಮಗಾ ಅದಾನ. ಹಿಂಗ ಮಾಡೀನಂತ ಗೊತ್ತಾದ್ರ ಅಂವ ಏನ್ ತಿಳ್ಕೋತಾನ?"

"ಮದ್ಲ ಇದನ್ನ ನೋಡೂಣು," ಎಂದು ನೀಲಗಂಗವ್ವ ಪಟ್ಟಿ ಕೊಟ್ಟಳು.

ಪಟ್ಟಿ ನೀಲಿಯಾಯಿತು.

ಮುಬೀನಾ ಎಲ್ಲವನ್ನೂ ಹೇಳಿದಳು. ಹೆಚ್ಚಿನವರದು ಸಣ್ಣ ಗಂಟು ಮಾತ್ರ ಎಂಬುದನ್ನೂ ಬಿಡಲಿಲ್ಲ. ರುಕ್ಮವ್ವ ಕೇಳುತ್ತಲೇ ಇದ್ದಳು, ಕೈ ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಿತ್ತು.

"ಮಗನ ಮುಂದ ನಾ ಹೇಳ್ಲೇನ?" ಎಂದಳು ನೀಲಗಂಗವ್ವ. "ಸೊಂಟನೋವಿಗೆ ತೋರಸಾಕ ಕರಕೊಂಡು ಹೊಂಟೀವಿ ಅಂದ್ರ ಸಾಕು."

ರುಕ್ಮವ್ವ ತಲೆಯಾಡಿಸಿದಳು. "ಬ್ಯಾಡ. ಹದಿನೆಂಟು ವರ್ಷ ತಂಗಿ ಮನಿ ಸುಳ್ಳಽ ಆತು, ಇನ್ನ ಸಾಕು." ಎದ್ದು ಸೀರೆ ಸರಿಮಾಡಿಕೊಂಡು ಒಳಗೆ ಹೋದಳು. ಪಡಸಾಲೆಯಲ್ಲಿ ಮಗ ಶರಣಪ್ಪ ಮೆಣಸಿನಕಾಯಿ ಚೀಲಗಳ ಬಾಯಿ ಹೊಲಿಯುತ್ತಿದ್ದ.

"ಅದನ್ನ ಬಿಟ್ಟು ಇಲ್ಲಿ ಬಾ. ನಿನಗೊಂದು ಮಾತು ಹೇಳೂದೈತಿ."

"ಹೇಳು ಯವ್ವಾ, ಕೇಳ್ತೈತಿ."

"ಹಂಗಲ್ಲ. ಕುಂದ್ರು."

ಹಿತ್ತಲಲ್ಲಿ ಕೂತಿದ್ದ ಇಬ್ಬರಿಗೂ ಮಾತುಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ರುಕ್ಮವ್ವನ ದನಿ ಮೊದಲು ತಡವರಿಸಿತು. ಒಂದೆರಡು ಸಲ ನಿಂತೇ ಹೋಯಿತು. ಆಮೇಲೆ ಸರಾಗವಾಯಿತು. ಮಗನ ದನಿ ಒಮ್ಮೆಯೂ ಕೇಳಲಿಲ್ಲ. ನೀಲಗಂಗವ್ವ ಮುಬೀನಾಳ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಎಷ್ಟೋ ಹೊತ್ತಿನ ಮೇಲೆ ಶರಣಪ್ಪ ಹಿತ್ತಲ ಬಾಗಿಲಿಗೆ ಬಂದ. ಮೂವತ್ತರ ಮೇಲಿನ ಗಟ್ಟಿಮುಟ್ಟಾದ ಆಳು. ಕಣ್ಣುಗಳು ಕೆಂಪಾಗಿದ್ದವು. ಬಂದು ಅವರಿಬ್ಬರ ಎದುರಿಗೆ ಕೂತ.

"ನಾಳೆ ದವಾಖಾನ್ಯಾಗ ಎಷ್ಟಕ್ಕ ಇರಬೇಕ್ರಿ ನಾವು?"